ಕೆಂಪಿ ಯಾಕೆ ನೆಕ್ಕುತ್ತಿತ್ತು

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ನಾಯಿ ನನ್ನ ಕೈ ನೆಕ್ಕಿತು. ತೊಳೆಯಲು ನಲ್ಲಿ ತಿರುಗಿಸಿದವಳು ಹಾಗೇ ನಿಂತುಬಿಟ್ಟೆ. ವಯಸ್ಸಾದವರಿಗೆ ನಿಂತಲ್ಲೇ ಊರು ಸುತ್ತಿ ಬರುವ ರೋಗವಿರುತ್ತದೆ, ನಿಮಗೂ ಗೊತ್ತಿರಬಹುದು. ನಾನು ಹೋದದ್ದು ಎಂಬತ್ತರ ದಶಕದ ಖಜೂರಿಗೆ, ಸೊಸೆಯಾಗಿ ಕಾಲಿಟ್ಟ ಊರಿಗೆ.

ರಸ್ತೆಗೆ ತಾಗಿದ ಮನೆ. ಗಂಡ ಲಾರಿ ಓಡಿಸುತ್ತಿದ್ದರು. ಸೋಲಾಪುರ ದಾಟಿದರೆ ಮತ್ತೆ ಯಾವಾಗ ಬರುವರೆಂಬುದು ಅವರಿಗೂ ಗೊತ್ತಿರುತ್ತಿರಲಿಲ್ಲ. ಹಾದುಹೋಗುವ ಎಲ್ಲ ಲಾರಿಗಳ ಸದ್ದಿಗೂ ಕಿವಿ ಕೊಡುತ್ತಿದ್ದೆ. ಮನೆಯಲ್ಲಿ ನಾನು, ಅತ್ತೆ, ಕೆಂಪಿ ಎಂಬ ನಾಯಿ. ಅತ್ತೆ ಕೆಲಸದ ಮಾತಷ್ಟೇ ಆಡುವವರು. ಕೆಂಪಿಗೆ ಮಾತಿನ ಹಂಗಿರಲಿಲ್ಲ. ನಾನು ರೊಟ್ಟಿ ಬಡಿದು ಎದ್ದರೆ ಸಾಕು, ಬಂದು ಕೈ ನೆಕ್ಕುತ್ತಿತ್ತು.

"ಅತ್ತೀ, ಇದಕ್ಕ ನನ್ನ ಮ್ಯಾಲ ಭಾಳ ಜೀವ ನೋಡ್ರಿ" ಎಂದೆ ಒಮ್ಮೆ, ತುಸು ಜಂಬದಿಂದಲೇ.

"ಜೀವ ಇಲ್ಲ, ಏನಿಲ್ಲ. ಕೈಯಾಗಿನ ಉಪ್ಪಿಗೆ ನೆಕ್ಕತದ. ಮೊದಲ ಕೈ ತೊಳಿ, ಹೋಗು."

ಆ ಮಳೆಗಾಲ ದನದ ಕೊಟ್ಟಿಗೆಯಲ್ಲಿ ಕೆಂಪಿ ಮರಿ ಹಾಕಿತು. ಒಂದು ಮರಿ ಮಿಸುಕಲೇ ಇಲ್ಲ. ಸತ್ತಿದೆಯೆಂದು ಎತ್ತಲು ಹೋದರೆ ಕೆಂಪಿ ಗುರ್ ಎಂದಿತು. ಮರಿಯನ್ನು ನೆಕ್ಕಿತು, ಮಗುಚಿ ಹಾಕಿ ಮತ್ತೆ ನೆಕ್ಕಿತು. ಕೊನೆಗೆ ಅದು ಕುಂಯ್ ಎಂದಿತು. ಆಗ ನಾನು ತುಂಬು ಬಸುರಿ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕದ್ದು ನೆನಪಿದೆ.

ನನ್ನ ಮಗು ಆಳಂದದ ಆಸ್ಪತ್ರೆಯಲ್ಲಿ ಹುಟ್ಟಿತು, ಅಳಲಿಲ್ಲ.

ಮನೆಗೆ ಬಂದ ಮೇಲೆ ಓಣಿಯ ಹೆಂಗಸರು ಮೈಲಿಗೆಯೆಂದು ಹೊಸ್ತಿಲಾಚೆಯೇ ಕೂತು, "ಹೋಗ್ಲಿ ಬಿಡವ್ವಾ, ಇನ್ನೂ ವಯಸ್ಸದ" ಎಂದು ಹೇಳಿ ಹೋದರು. ಗಂಡನಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ. ನನಗೆ ಅಳು ಬರಲಿಲ್ಲ. ಗೋಡೆ ನೋಡುತ್ತ ಕೂತಿರುತ್ತಿದ್ದೆ.

ಒಂದು ಮಧ್ಯಾಹ್ನ ಕೆಂಪಿ ಮರಿಗಳನ್ನು ಬಿಟ್ಟು ಒಳಗೆ ಬಂತು. ನನ್ನ ಕೈ ಮೂಸಿತು, ನೆಕ್ಕಿತು, ಆಮೇಲೆ ಮುಖ. ಕೊಟ್ಟಿಗೆಯಲ್ಲಿ ಆ ಮರಿಯನ್ನು ನೆಕ್ಕಿದ ಹಾಗೇ, ಬಿಡದೆ. ಇದು ನನ್ನನ್ನೂ ಎಬ್ಬಿಸಲು ನೋಡುತ್ತಿದೆ ಎನಿಸಿತು. ಅದರ ಕೊರಳು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಾರೆಂದುಕೊಂಡೆ. ಅವರು ಬಂದು ನನ್ನ ಹಿಂದೆ ಕೂತು, ಗಂಟುಗಟ್ಟಿದ ಕೂದಲು ಬಿಡಿಸತೊಡಗಿದರು.

"ನನಗೂ ಹಿಂಗ ಆಗಿತ್ತು ಬೇ, ನಿನ್ನ ಗಂಡ ಹುಟ್ಟೂಕಿಂತ ಮೊದಲ. ಯಾರ ಮುಂದ ಅಳೂದಂತ ಸುಮ್ಮ ಇದ್ದೆ."

ನಾಯಿ ಯಾಕೆ ನೆಕ್ಕುತ್ತದೆ? ಕಣ್ಣೀರಿನಲ್ಲೂ ಉಪ್ಪಿರುತ್ತದೆ; ಅತ್ತೆ ಹೇಳಿದ್ದು ಸುಳ್ಳೇನಲ್ಲ. ಆದರೆ ಆ ದಿನಗಳಲ್ಲಿ ನನ್ನನ್ನು ಮೊದಲು ಮುಟ್ಟಿದ ಜೀವ ಕೆಂಪಿ. ನನಗೆ ಅರ್ಥವಾದದ್ದು ಅಷ್ಟೇ.

ಕೆಳಗಿನ ಮನೆಯ ಹುಡುಗಿ ಹೋದ ವಾರ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಿದ್ದಾಳೆ. ಏನು ಹೇಳಬೇಕೆಂದು ತಿಳಿಯದೆ ಇಷ್ಟು ದಿನ ನಾನು ಮೆಟ್ಟಿಲಿಳಿದಿರಲಿಲ್ಲ. ಇವತ್ತು ಇಳಿದೆ. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಅವಳೇ ಅಂದಳು:

"ಆಯೀ, ಹೆಣ್ಣು ಮಗು ಇತ್ರಿ. ತಲಿತುಂಬ ಕೂದಲಿತ್ತು."

"ಹೌದೇನವ್ವಾ?" ಎಂದೆ. "ಹೇಳು, ಯಾರ್ಹಂಗ ಇತ್ತು?"