ಮೂವತ್ತು ಮುದ್ರೆ

ಡೊಂಗ್‌ಗಾಂಗ್ ಬಂದರಿನ ಪೇಟೆಯಲ್ಲಿ ಗ್ಯೋಕ್-ತಿನ್ ಕೊಳದಲ್ಲಿ ಸಾಕುವ ಹೂಮೀನು ಮಾರಲು ಕೂತು ಮೂವತ್ತೈದು ವರ್ಷವಾಗಿತ್ತು. ಗಿರಾಕಿ ಎಷ್ಟೇ ಅನುಮಾನದಿಂದ ಕಿವಿರು ಎತ್ತಿ ನೋಡಲಿ, ಇವಳು ಎದೆಯ ಮೇಲೆ ಕೈಯಿಟ್ಟು, "ಬೆಳಗಿನ ಜಾವ ಕೊಳದಿಂದ ಎತ್ತಿದ್ದು ತಂಗಿ, ನನ್ನಾಣೆ!" ಎನ್ನುತ್ತಿದ್ದಳು. ಐಸಿನ ಮೇಲೆ ಒಂದು ದಿನ ವಿಶ್ರಾಂತಿ ಪಡೆದ ಮೀನುಗಳೂ ಎದುರಾಡುತ್ತಿರಲಿಲ್ಲ.

ಮಗ, ಸೊಸೆ ಬೇರೆ ಊರಿನ ಕಾರ್ಖಾನೆಯಲ್ಲಿದ್ದರು. ಐದು ವರ್ಷದ ಮೊಮ್ಮಗಳು ಪಿನ್-ಯು ಶಿಶುವಿಹಾರ ಬಿಟ್ಟ ಮೇಲೆ ಅಜ್ಜಿಯ ಕಟ್ಟೆಯ ಹಿಂದೆ ಸ್ಟೂಲಿನ ಮೇಲೆ ಕೂತು ವ್ಯಾಪಾರ ನೋಡುತ್ತಿದ್ದಳು.

ಏಪ್ರಿಲ್ ಒಂದಕ್ಕೆ ವಿಶ್ವವಿದ್ಯಾಲಯದ ಚುವಾಂಗ್ ಮೇಡಂ ಶಿಶುವಿಹಾರಕ್ಕೆ ಬಂದರು. ಮನೆಯಲ್ಲಿ ಕಥೆ ಓದಿ ಹೇಳಿದರೆ ಮಕ್ಕಳು ಎಷ್ಟು ಬೇಗ ಮಾತು ಕಲಿಯುತ್ತಾರೆ ಎಂಬುದು ಅವರ ಸಂಶೋಧನೆ. ಮನೆಗೊಂದು ಚಿತ್ರಪುಸ್ತಕದ ಕಟ್ಟು, ಮೂವತ್ತು ಚೌಕದ ಒಂದು ಹಾಳೆ ಕೊಟ್ಟರು. ಓದಿದ ದಿನದ ಚೌಕದಲ್ಲಿ ಹಿರಿಯರು ಸಹಿಯ ಬದಲು ತಮ್ಮ ಹೆಸರಿನ ಮುದ್ರೆ ಒತ್ತಬೇಕು.

ಗ್ಯೋಕ್-ತಿನ್ ಅವತ್ತೇ, ಇಬ್ಬರು ಗಿರಾಕಿಗಳ ನಡುವಿನ ಬಿಡುವಿನಲ್ಲಿ, ಸೊಂಟದ ಚೀಲದಿಂದ ಮುದ್ರೆ ತೆಗೆದು ಮೂವತ್ತನ್ನೂ ಟಪಟಪ ಒತ್ತಿ ಮುಗಿಸಿದಳು.

"ಏನಕ್ಕಾ, ತಿಂಗಳ ಓದು ಒಂದೇ ದಿನಕ್ಕೆ ಮುಗೀತಾ?" ಎಂದ ಪಕ್ಕದ ಕಟ್ಟೆಯ ಬೆಂಗ್-ಹುಯಿ.

"ಅಂಚೆಯವನಿಗೂ ಒತ್ತಿ ಕೊಡ್ತೀನಪ್ಪ. ಪೊಟ್ಟಣ ಬಿಚ್ಚಿ ನೋಡಿದ್ಯಾ ಅಂತ ಅವನು ಯಾವತ್ತಾದ್ರೂ ಕೇಳಿದ್ದಾನಾ?"

ತಿಂಗಳ ಕೊನೆಗೆ ಪೋಷಕರ ಸಭೆ ನಡೆಯಿತು. ಚುವಾಂಗ್ ಮೇಡಂ ಗ್ಯೋಕ್-ತಿನ್‌ಳ ಹಾಳೆಯನ್ನೇ ಎತ್ತಿ ಹಿಡಿದರು. "ನೋಡಿ, ಒಂದು ದಿನವೂ ತಪ್ಪಿಲ್ಲ. ಅದೂ ದಿನವಿಡೀ ದುಡಿಯೋ ಅಜ್ಜಿ!" ಮತ್ತೆ ಪಿನ್-ಯು ಕಡೆಗೆ ಬಗ್ಗಿ ಕೇಳಿದರು: "ಅಜ್ಜಿ ದಿನಾ ಓದಿ ಹೇಳ್ತಾರಾ ಪುಟ್ಟಿ?"

ಗ್ಯೋಕ್-ತಿನ್ ಥಟ್ಟನೆ ಮೊಮ್ಮಗಳ ಕಡೆ ತಿರುಗಿದಳು. ಮಗು ನಿಜ ಹೇಳಿದರೆ ಪೇಟೆಯಲ್ಲಿ ತಲೆಯೆತ್ತುವಂತಿಲ್ಲ.

ಪಿನ್-ಯು ಅಜ್ಜಿಯ ಮುಖ ನೋಡಿದಳು. ಪುಟ್ಟ ಕೈಯನ್ನು ಎದೆಯ ಮೇಲಿಟ್ಟಳು. "ದಿನಾ ಓದ್ತಾಳೆ. ಇವತ್ತು ಬೆಳಿಗ್ಗೇನೂ ಓದಿದ್ಲು, ನನ್ನಾಣೆ!"

ಅದೇ ಕೈ, ಅದೇ ರಾಗ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗು ಎಷ್ಟು ಚೆನ್ನಾಗಿ ಮಾತಾಡುತ್ತದೆ ಎಂದು ಮೇಡಂ ಬರೆದುಕೊಂಡರು. ಗ್ಯೋಕ್-ತಿನ್‌ಳ ಕಿವಿ ಕಾದ ಹಂಚಿನಂತಾಯಿತು. ಸಿಕ್ಕಿಬಿದ್ದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವಳು ಎದ್ದು ನಿಂತಳು.

"ಮೇಡಂ, ಬರೆದಿದ್ದನ್ನ ಹೊಡೆದುಹಾಕಿ. ಆ ಪುಸ್ತಕಗಳ ಪ್ಲಾಸ್ಟಿಕ್ಕೇ ನಾನಿನ್ನೂ ಬಿಚ್ಚಿಲ್ಲ. ಮುದ್ರೆ ಎಲ್ಲಾ ಒಂದನೇ ತಾರೀಕೇ ಒತ್ತಿಬಿಟ್ಟೆ."

ಚಪ್ಪಾಳೆ ತಟ್ಟಿದ ಕೈಗಳಿಗೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ. ಕೆಲವರು ತಮ್ಮ ಹಾಳೆಗಳನ್ನು ಮೆಲ್ಲನೆ ತೊಡೆಯ ಕೆಳಗೆ ಸರಿಸಿಕೊಂಡರು.

ದಾರಿಯಲ್ಲಿ ಪಿನ್-ಯು ಕೇಳಿದಳು, "ನಾನು ಸರಿಯಾಗಿ ಹೇಳಲಿಲ್ವಾ ಅಜ್ಜಿ?"

"ಸರಿಯಾಗೇ ಹೇಳಿದೆ ಕಂದ. ನನ್ನ ಥರಾನೇ ಹೇಳಿದೆ."

ಮರುದಿನ ಶಿಶುವಿಹಾರಕ್ಕೆ ರಜೆ. ಸ್ಟೂಲಿನ ಮೇಲೆ ಮಗು, ಐಸಿನ ಮೇಲೆ ಹಿಂದಿನ ದಿನದ ಆರು ಮೀನು. ಮೊದಲ ಗಿರಾಕಿ ಕಿವಿರು ಎತ್ತಿದಳು. "ಇವತ್ತಿಂದಾ ಅಕ್ಕಾ?"

ಗ್ಯೋಕ್-ತಿನ್‌ಳ ಕೈ ಎದೆಯವರೆಗೆ ಹೋಯಿತು. ಬೆನ್ನ ಹಿಂದೆ ಎರಡು ಕಣ್ಣು ತನ್ನನ್ನೇ ನೋಡುತ್ತಿರುವುದು ಗೊತ್ತಾಯಿತು. ಕೈಯನ್ನು ಕೆಳಗಿಳಿಸಿ ಏಪ್ರನ್ನಿಗೆ ಒರೆಸಿಕೊಂಡಳು.

"ನಿನ್ನೇದು, ತಂಗಿ."

ಗಿರಾಕಿ ಮುಂದಿನ ಕಟ್ಟೆಗೆ ಹೋದಳು.