ಸುಮ್ಮನಿರದ ಕೈ

ಹೊಳೆನರಸೀಪುರದ ಪಾತ್ರೆ ಅಂಗಡಿಯ ಜಗಲಿಯಲ್ಲಿ ಕೂತು ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದ ಆತ, ಕೆಲಸವಿಲ್ಲದಾಗಲೂ ಬೆರಳಿನಿಂದ ಮಂಡಿ ಕುಟ್ಟುತ್ತಲೇ ಇರುತ್ತಿದ್ದ. ಯಾಕಯ್ಯಾ ಎಂದರೆ, "ಕೈ ಸುಮ್ಕಿರಕಿಲ್ಲ ಸಾ" ಎನ್ನುತ್ತಿದ್ದ.

ಅರವತ್ತರ ದಶಕದ ಆರಂಭದಲ್ಲಿ ನಾನು ಹಾಸನದ ಕ್ಲಬ್ಬೊಂದರಲ್ಲಿ ಗುಮಾಸ್ತ. ವರ್ಷಕ್ಕೊಮ್ಮೆ ನಡೆಯುವ ಗಾಲ್ಫ್ ಪಂದ್ಯದ ಬಹುಮಾನಗಳ ಹೊಣೆ ನನ್ನದು. ಗೆದ್ದವರಿಗೆ ದೊಡ್ಡ ಕಪ್, ಎರಡನೆಯವರಿಗೆ ಚಿಕ್ಕದು. ಆಟ ಮುಗಿದು ಎಲ್ಲರೂ ಚಹಾ ಕುಡಿಯುವಷ್ಟರಲ್ಲಿ ಹೆಸರು ಕೊರೆದಿರಬೇಕು. ಅದಕ್ಕೇ ಆತನನ್ನು ಕರೆಸಿದ್ದೆ.

ಚೆಂಡು ಬೀಳಿಸಬೇಕಾದ ಕೊನೆಯ ಕುಳಿಯೊಂದೇ ಬಾಕಿ. ಎಸ್ಟೇಟಿನ ಸಾಹುಕಾರರೇ ಗೆಲ್ಲುವುದೆಂದು ಎಲ್ಲರೂ ಅನ್ನುತ್ತಿದ್ದರು. ಅವರ ಚೆಂಡು ಕುಳಿಯ ಅಂಚು ಸವರಿ ಆಚೆ ಹೋಯಿತು; ಗೆದ್ದವರು ಅವರ ಎದುರಾಳಿ ಡಾಕ್ಟರು, ಸಾಹುಕಾರರು ಎರಡನೆಯವರು. ನಾನು ಓಡಿಬಂದು ನೋಡಿದರೆ ದೊಡ್ಡ ಕಪ್ಪಿನ ಮೇಲೆ ಆಗಲೇ ಸಾಹುಕಾರರ ಹೆಸರು!

"ಅಯ್ಯೋ, ಏನಯ್ಯಾ ಮಾಡಿಬಿಟ್ಟೆ?" ನನ್ನ ಕೆಲಸ ಹೋಯಿತೆಂದುಕೊಂಡೆ.

"ಕೈ ಸುಮ್ಕಿರಕಿಲ್ಲ ಸಾ." ಚಿಕ್ಕ ಕಪ್ಪನ್ನು ಆಗಲೇ ಮಂಡಿಗಳ ನಡುವೆ ಸಿಕ್ಕಿಸಿಕೊಂಡಿದ್ದ. "ದೊಡ್ಡುದ್ನ ಸೋತೋರ್ಗೆ ಕೊಡಿ. ಗೆದ್ದೋರ್ಗೆ ಗೆದ್ದುದ್ದೇ ಸಾಕು. ಡಾಕ್ಟ್ರು ಎಸ್ರೇಳಿ, ಬಿರ್ನೆ!"

ಕ್ಲಬ್ಬಿನ ಕಾರ್ಯದರ್ಶಿಗಳ ಮುಂದೆ ಅದೇ ಮಾತನ್ನು ನನ್ನದೆಂಬಂತೆ ಹೇಳಿದೆ. ಪಕ್ಕದಲ್ಲಿದ್ದ ಡಾಕ್ಟರು ಜೋರಾಗಿ ನಕ್ಕು ಒಪ್ಪಿದರು. ನನ್ನ ಕೆಲಸ ಉಳಿಯಿತು.

ಮರುವರ್ಷ ಆಟ ಮುಗಿಯುವವರೆಗೂ ಕೈಗೆ ಸಿಗದಿರಲೆಂದು ಆತನ ಉಳಿ, ಸುತ್ತಿಗೆಗಳನ್ನು ನನ್ನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಹೊರಗೆ ಬಂದರೆ ಆತ ಮೆಟ್ಟಿಲ ಮೇಲೆ ಕೂತು ಒಂದೇ ಸಮನೆ ಮಂಡಿ ಕುಟ್ಟುತ್ತಿದ್ದ.

"ಮಂಡಿಯ ಮೇಲೆ ಈ ಸಲ ಯಾರ ಹೆಸರಯ್ಯಾ?" ಎಂದೆ.

"ಎಲ್ರುದೂ ಕೊರ್ದಿವ್ನಿ ಸಾ. ಯಾರಾನ ಗೆಲ್ಕಳ್ಳಿ."