ಓರಗಿತ್ತಿಯ ಹಂಗು

ಹಳೆಯ ಶ್ವಾಸಕೋಶ ಆಸ್ಪತ್ರೆಯ ದಾಖಲೆ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಆ ಹೆಂಗಸು ದೈವಭಕ್ತೆ, ಮಿತಭಾಷಿ, ಕೆಲಸದಲ್ಲಿ ಬಲು ಅಚ್ಚುಕಟ್ಟು. ಭಗವಂತನು ಆಕೆಗೆ ಇಷ್ಟೆಲ್ಲ ಗುಣಗಳನ್ನು ಕೊಟ್ಟು, ಜೊತೆಗೆ ಒಬ್ಬ ಓರಗಿತ್ತಿಯನ್ನೂ ಕೊಟ್ಟನು. ಮೈದುನನ ಕೈಹಿಡಿದು ಬಂದ ಆ ಕಿರಿಯಳು ರಸ್ತೆಯಾಚೆಗಿನ ಹೊಸ ಆಸ್ಪತ್ರೆಯಲ್ಲಿ ಅದೇ ಕೆಲಸಕ್ಕೆ ಸೇರಿದಳು. ಕಾಮಕ್ರೋಧಗಳು ಹಿರಿಯಳ ಹೊಸ್ತಿಲನ್ನು ತುಳಿಯದೆ ಹೋದವು. ಮತ್ಸರವೊಂದು ಮಾತ್ರ ಒಳಗೆ ಬಂದು, ಮನೆಯವರ ಪಂಕ್ತಿಯಲ್ಲೇ ಊಟಕ್ಕೆ ಕುಳಿತಿತು.

ಕಿರಿಯಳ ಮೇಜು ಕಿಟಕಿಯ ಪಕ್ಕದಲ್ಲಿದೆಯೆಂದು ಕೇಳಿದ ದಿನ, ಹಿರಿಯಳಿಗೆ ತನ್ನ ಕೊಠಡಿಯ ಟ್ಯೂಬ್‌ಲೈಟು ಮಂಕಾಗಿ ತೋರಿತು. ಕಿರಿಯ ಸೊಸೆ ಮಾಡಿದ ಪಲ್ಯವನ್ನು ಅತ್ತೆ ಎರಡನೆಯ ಸಲ ಬಡಿಸಿಕೊಂಡರೆ, ಇವಳು ತನ್ನ ತಟ್ಟೆಯ ಪಲ್ಯವನ್ನು ಪಕ್ಕಕ್ಕೆ ಸರಿಸುತ್ತಿದ್ದಳು.

ಹೀಗಿರಲು ಎರಡೂ ಆಸ್ಪತ್ರೆಗಳು ತಮ್ಮ ರೋಗಿಗಳ ದಾಖಲೆಗಳನ್ನು ಸಂಶೋಧನೆಗಾಗಿ ಒಂದೆಡೆ ಕೂಡಿಸಲು ಒಪ್ಪಿದವು. ಯಾವ ಕ್ಷಯರೋಗಿಗೆ ಎಷ್ಟು ಕಾಲ ಔಷಧ ಬೇಕೆಂಬುದನ್ನು ಕೃತಕ ಬುದ್ಧಿಮತ್ತೆಯು ಅವುಗಳಿಂದ ಕಲಿಯಬೇಕಿತ್ತು. ಹೆಸರು ವಿಳಾಸಗಳನ್ನು ತೆಗೆದು ಪ್ರತಿಯೊಬ್ಬರಿಗೂ ಒಂದು ಗುಪ್ತಸಂಖ್ಯೆಯನ್ನು ಕೊಟ್ಟರು. ಒಬ್ಬನೇ ಎರಡೂ ಕಡೆ ತೋರಿಸಿಕೊಂಡಿದ್ದರೆ ಎರಡೂ ಕಡೆ ಅದೇ ಸಂಖ್ಯೆ. ಈ ಜೋಡಣೆಯ ಮೇಲ್ವಿಚಾರಣೆ ಕಿರಿಯಳ ಪಾಲಾಯಿತು.

"ವರ್ಷಗಟ್ಟಲೆ ಧೂಳು ಕುಡಿದವಳು ನಾನು, ಮೇಲ್ವಿಚಾರಕಿ ಅವಳು!" ಎಂದು ಹಿರಿಯಳು ಗಂಡನ ಮುಂದೆ ಗೊಣಗಿದಳು.

"ಹಾಗಾದ್ರೆ ಧೂಳು ಕುಡಿಯೋದಕ್ಕೂ ಒಂದು ಹುದ್ದೆ ಕೇಳು," ಎಂದು ಆತ ಮಗ್ಗುಲು ಬದಲಿಸಿದನು.

ಆದರೆ ಮೊದಲ ಫಲಿತಾಂಶ ಇವಳ ಕಡೆಗೇ ಒಲಿಯಿತು. ಎರಡು ಆಸ್ಪತ್ರೆಗಳನ್ನೂ ಬೇರೆಬೇರೆಯಾಗಿ ನೋಡಿದಾಗ, ನಾಲ್ಕು ತಿಂಗಳು ಮಾತ್ರ ಔಷಧ ಕೊಡುವ ಹಳೆಯ ಆಸ್ಪತ್ರೆಯಲ್ಲೇ ಹೆಚ್ಚು ಮಂದಿ ಗುಣವಾಗಿದ್ದರು. ಹೊಸದರಲ್ಲಿ ಆರು ತಿಂಗಳು ಕೊಟ್ಟರೂ ಅಷ್ಟಿಲ್ಲ.

"ಹೊಸ ಆಸ್ಪತ್ರೆಗೆ ಗಾಜಿನ ಬಾಗಿಲು ಇದ್ರೆ ಕೆಮ್ಮು ನಿಲ್ಲುತ್ತಾ ಅತ್ತೆ?" ಎಂದಳು ಹಿರಿಯಳು ಅಂದು ಊಟದ ಹೊತ್ತಿಗೆ.

"ನಿನ್ನ ನಾಲಿಗೆ ನಿಂತ್ರೆ ಸಾಕಮ್ಮ, ಕೆಮ್ಮು ತಾನಾಗೇ ನಿಲ್ಲುತ್ತೆ," ಎಂದರು ಅತ್ತೆ. ಕಿರಿಯಳು ತಲೆ ತಗ್ಗಿಸಿ ನಕ್ಕಳು. ಆ ತಗ್ಗಿದ ತಲೆ ಹಿರಿಯಳಿಗೆ ಹಾಲು ಕುಡಿದಷ್ಟು ಹಿತವಾಯಿತು.

ಹೊಸ ಆಸ್ಪತ್ರೆಯೂ ಔಷಧವನ್ನು ನಾಲ್ಕು ತಿಂಗಳಿಗೆ ಇಳಿಸುವುದೆಂದು ಮರುವಾರದ ಸಭೆಯಲ್ಲಿ ನಿರ್ಧಾರವಾಗಲಿತ್ತು. ಸಭೆಯ ಹಿಂದಿನ ಸಂಜೆ ಕಿರಿಯಳು ಮಹಡಿಯ ಮೇಲೆ ಬಟ್ಟೆ ಮಡಚುತ್ತಿದ್ದ ಓರಗಿತ್ತಿಯ ಬಳಿ ಬಂದು ನಿಂತಳು.

"ಅಕ್ಕ, ನಿಮ್ಮಲ್ಲಿ 'ಗುಣವಾಗಿದೆ' ಅಂತ ಯಾವಾಗ ಬರೀತೀರಿ?"

"ಔಷಧ ಮುಗಿದ ಮೇಲೆ ರೋಗಿ ಮತ್ತೆ ಬರಲಿಲ್ಲ ಅಂದ್ರೆ. ಗುಣವಾದವರು ಆಸ್ಪತ್ರೆಗೆ ಯಾಕೆ ಬರ್ತಾರೆ? ನಾನು ಸೇರೋಕೆ ಮುಂಚಿನಿಂದ್ಲೂ ಅದೇ ಪದ್ಧತಿ."

"ಅವರು ನಮ್ಮಲ್ಲಿಗೆ ಬಂದಿದ್ದಾರೆ ಅಕ್ಕ. ಇವತ್ತು ಸಂಖ್ಯೆ ಜೋಡಿಸಿ ನೋಡಿದೆ. ನಿಮ್ಮಲ್ಲಿ ಗುಣವಾದೋರು ಎಷ್ಟೋ ಜನ ಅದೇ ಕಾಯಿಲೆ ಇಟ್ಕೊಂಡು ನಮ್ಮ ಸಾಲಲ್ಲಿ ನಿಂತಿದ್ದಾರೆ."

ಹಿರಿಯಳ ಕೈಯಲ್ಲಿದ್ದ ಸೀರೆ ಮಡಿಕೆ ಬಿಚ್ಚಿ ನೆಲಕ್ಕೆ ಇಳಿಯಿತು. ರೋಗಿಗಳ ಚಿಂತೆಗಿಂತ ಮೊದಲು ಆಕೆಯ ಎದೆಗೆ ತಾಗಿದ್ದು ಒಂದೇ ಮಾತು: ನನ್ನವರು ನನ್ನನ್ನು ಬಿಟ್ಟು ಇವಳಲ್ಲಿಗೆ ಹೋದರು.

"ಇನ್ನೂ ಯಾರಿಗೂ ತೋರಿಸಿಲ್ಲ," ಎಂದಳು ಕಿರಿಯಳು. "ನಾಳೆ ನೀವೇ ಹೇಳಿಬಿಡಿ, ನಿಮ್ಮ ಕಣ್ಣಿಗೇ ಬಿತ್ತು ಅಂತ. ನನ್ನ ಹೆಸರು ಬೇಡ."

"ನಾನು ಹೇಳದೆ ಹೋದ್ರೆ?"

"ಆಗ ನಾನೇ ಹೇಳ್ಬೇಕಾಗುತ್ತೆ ಅಕ್ಕ. ಔಷಧದ ವಿಷಯ, ಜನ ಸಾಯ್ತಾರೆ."

ಅವಳು ಚುಚ್ಚಿ ಮಾತಾಡಿದ್ದರೆ ಸಹಿಸಬಹುದಿತ್ತು. ಕೈ ತುಂಬ ಮರ್ಯಾದೆ ತಂದು ಕೊಟ್ಟಿದ್ದಳು. ಅದನ್ನು ಪಡೆದರೆ ಬದುಕಿರುವಷ್ಟು ದಿನವೂ ಪ್ರತಿ ಊಟದಲ್ಲೂ ಅವಳ ಎದುರು ಕುಳಿತು ಆ ಋಣವನ್ನು ನುಂಗಬೇಕು. ದೇವರ ಮುಂದೆ ದೀಪ ಹಚ್ಚಿ ನಿಂತಾಗ ಆಕೆಗೆ ಒಳ್ಳೆಯ ಬುದ್ಧಿಯನ್ನು ಬೇಡಲು ಮನಸ್ಸಾಗಲಿಲ್ಲ. "ಅವಳ ಹಂಗಿಗೆ ಮಾತ್ರ ನನ್ನನ್ನು ಬೀಳಿಸಬೇಡ," ಎಂದು ಬೇಡಿದಳು.

ಸಭೆಯಲ್ಲಿ ಮುಖ್ಯ ವೈದ್ಯರು ಇನ್ನೂ ಮಾತು ಆರಂಭಿಸಿರಲಿಲ್ಲ. ಆಕೆ ಎದ್ದು ನಿಂತಳು. ಬಾರದೆ ಹೋದವರನ್ನೆಲ್ಲ ಗುಣವಾದವರೆಂದು ಬರೆದದ್ದು ತಮ್ಮ ಆಸ್ಪತ್ರೆಯ ತಪ್ಪು ಪದ್ಧತಿಯೆಂದೂ, ಬರೆದವಳು ತಾನೇ ಎಂದೂ ಹೇಳಿದಳು. "ಕಂಡುಹಿಡಿದವಳು ನಾನಲ್ಲ, ನನ್ನ ಓರಗಿತ್ತಿ," ಎಂದು ಕೊನೆಯ ಮಾತನ್ನು ಉಗುಳಿದಂತೆ ನುಡಿದು ಕುಳಿತಳು. ಔಷಧ ಇಳಿಸುವ ನಿರ್ಧಾರವನ್ನು ಅಲ್ಲಿಗೇ ಕೈಬಿಟ್ಟರು. ಜನರು ಕಿರಿಯಳತ್ತ ತಿರುಗಿ ಮೆಚ್ಚಿ ತಲೆದೂಗುವುದನ್ನು ಆಕೆ ಕಣ್ಣಾರೆ ಕಂಡಳು, ನೋಟ ತಿರುಗಿಸಲಿಲ್ಲ.

"ನನ್ನ ಹೆಸರು ಯಾಕೆ ತಂದ್ರಿ ಅಕ್ಕ?" ಎಂದಳು ಕಿರಿಯಳು ಹೊರಗೆ ಬಂದ ಮೇಲೆ.

"ನಿನ್ನ ದಾನ ನನಗೆ ಬೇಡ ಅಂತ. ಸಂಖ್ಯೆಗಳನ್ನ ಕಳಿಸು. ಯಾವ ಸಂಖ್ಯೆ ಯಾರದು ಅಂತ ನಮ್ಮ ದಾಖಲೆಯಲ್ಲೇ ತಿಳಿಯೋದು. ಒಬ್ಬೊಬ್ಬರಿಗೂ ಫೋನ್ ಮಾಡಿ ವಿಚಾರಿಸ್ತೀನಿ."

"ನಾನೂ ಬರಲಾ ಸಹಾಯಕ್ಕೆ?"

"ನನ್ನ ರೋಗಿಗಳು ಅವರು. ನೀನು ನಿನ್ನ ಕಿಟಕಿ ನೋಡ್ಕೋ ಹೋಗು."

ಮರುದಿನ ಬೆಳಗ್ಗೆ ಮೊದಲ ಕರೆಯನ್ನು ಎತ್ತಿದವನು ಒಬ್ಬ ಬಡಗಿ.

"ಹಳೇ ಆಸ್ಪತ್ರೆಯಿಂದಲೇನಮ್ಮ? ಈಗ ನಾನು ಎದುರುಗಡೆ ಹೊಸದಕ್ಕೆ ಹೋಗ್ತೀನಿ. ಅಲ್ಲಿ ಎಷ್ಟು ಚೆನ್ನಾಗಿ ನೋಡ್ಕೋತಾರೆ ಅಂತೀರಿ!"

ಪಟ್ಟಿಯಲ್ಲಿ ಅವನ ಹೆಸರಿನ ಮುಂದಿದ್ದ 'ಗುಣವಾಗಿದೆ' ಎಂಬುದನ್ನು ಆಕೆ ಹೊಡೆದುಹಾಕಿದಳು. ಲೇಖನಿಯನ್ನು ಬಿಗಿಯಾಗಿ ಹಿಡಿದು, "ನೋಡ್ಕೊಳ್ಳಲಿ ಬಿಡಿ," ಎಂದಳು. "ಕೆಮ್ಮುವಾಗ ರಕ್ತ ಬೀಳ್ತಾ ಇದೆಯಾ, ಅದನ್ನ ಹೇಳಿ."